ಸೇತುವೆಯ ಎರಡನೇ ಭಾಗ

ನಾದಿನಿ ಮಂಚದ ಕೆಳಗೆ ಬಗ್ಗಿ, ಕಾಮಿಕ್ಸ್ ಪುಸ್ತಕಗಳನ್ನು ಎರಡೂ ಕೈಯಲ್ಲಿ ಬಾಚಿ ಗೋಣಿಚೀಲಕ್ಕೆ ತುಂಬುತ್ತಿದ್ದಳು. ಹೊರಗಿನ ಕೋಣೆಯಲ್ಲಿ ಅವಳ ಅಣ್ಣನ ದೇಹವನ್ನು ಮಲಗಿಸಿದ್ದರು.

"ಏನು ಮಾಡ್ತಿದ್ದೀಯಾ?" ಎಂದಳು ಅತ್ತಿಗೆ, ಬಾಗಿಲಲ್ಲಿ ನಿಂತು.

"ಪ್ರೆಸ್ಸಿನ ಮಾಲೀಕರು ಬರ್ತಾರೆ ಅತ್ತಿಗೆ, ವಕೀಲರು ಬರ್ತಾರೆ. ನಲವತ್ತು ವರ್ಷ ಕಾನೂನು ಪುಸ್ತಕ ತಿದ್ದಿದ ಮನುಷ್ಯ. ಈ ಪ್ಯಾಂಟಿನ ಮೇಲೆ ಚಡ್ಡಿ ಹಾಕ್ಕೊಂಡೋರ ಚಿತ್ರ ಕಂಡರೆ, ಕೊನೆಗಾಲಕ್ಕೆ ಅರಳುಮರಳಾಗಿತ್ತು ಅಂದ್ಕೊಳ್ತಾರೆ."

"ಅಂದ್ಕೊಳ್ಳಲಿ. ಒಂದು ತಿಂಗಳಲ್ಲಿ ಮೂವತ್ತೊಂದು ಪುಸ್ತಕ ಓದಿದ್ದಾರೆ. ಒಂದೂ ಈ ಮನೆಯಿಂದ ಆಚೆ ಹೋಗಕೂಡದು."

ಆಕೆ ಚೀಲ ಕಿತ್ತುಕೊಂಡು, ಪುಸ್ತಕಗಳನ್ನೆಲ್ಲ ತಂದು ಗಂಡನ ತಲೆಯ ಪಕ್ಕದ ಸ್ಟೂಲಿನ ಮೇಲೆ ಪೇರಿಸಿದಳು.

*

ಪ್ರೆಸ್ಸಿನಲ್ಲಿ ಅವರನ್ನು ಎಲ್ಲರೂ ದೀರ್ಘಣ್ಣ ಅಂತಲೇ ಕರೆಯುತ್ತಿದ್ದರು. ಪ್ರೂಫ್ ನೋಡುವಾಗ ಒಂದು ದೀರ್ಘ ಹೆಚ್ಚುಕಡಿಮೆಯಾದರೂ ಅವರ ಕಣ್ಣು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಅಂಥವರಿಗೆ ಪಾರ್ಶ್ವವಾಯು ಹೊಡೆದ ಮೇಲೆ ಕೈ ನಿಧಾನಕ್ಕೆ ಹತೋಟಿಗೆ ಬಂತು, ಅಕ್ಷರ ಮಾತ್ರ ಬರಲಿಲ್ಲ. ಪೇಪರ್ ಕೊಟ್ಟರೆ ಇರುವೆಸಾಲು ನೋಡಿದ ಹಾಗೆ ನೋಡಿ ಗೋಡೆ ಕಡೆಗೆ ತಿರುಗಿಬಿಡುತ್ತಿದ್ದರು. ಒಂದನೇ ತರಗತಿಯ ಪುಸ್ತಕ ತಂದರೆ ಎತ್ತಿ ಎಸೆದರು.

"ದಿನಾ ಏನಾದರೂ ಓದಿಸಿ, ಬಿಡಬೇಡಿ" ಎಂದಿದ್ದರು ಡಾಕ್ಟರು. ಹೆಂಡತಿ ಹಳೇ ಪುಸ್ತಕದ ಅಂಗಡಿಗೆ ಹೋದಳು.

"ಚಿತ್ರದ್ದು ಕೊಡ್ತೀನಮ್ಮ" ಎಂದ ಅಂಗಡಿಯವನು. "ಅಕ್ಷರ ಕೈಕೊಟ್ಟರೂ ಕತೆ ಕೈಬಿಡಲ್ಲ."

ಮೊದಮೊದಲು ಆಕೆ ಓದುತ್ತಿದ್ದಳು, ಅವರು ಚಿತ್ರ ನೋಡುತ್ತಿದ್ದರು. ಒಂಬತ್ತನೇ ದಿನ ಅವರ ಬೆರಳು ಒಂದು ಮಾತಿನ ಗುಳ್ಳೆಯ ಮೇಲೆ ನಿಂತುಬಿಟ್ಟಿತು. ಕಳ್ಳನ ಕುತ್ತಿಗೆಪಟ್ಟಿ ಹಿಡಿದ ಮಹಾವೀರ ಅಬ್ಬರಿಸುತ್ತಿದ್ದ: 'ನಾನು ನಿನ್ನನ್ನು ಬೀಡುವುದಿಲ್ಲ!'

"ತ... ತಪ್ಪು."

"ಏನು ತಪ್ಪು?"

"ದೀರ್ಘ."

ಆಕೆ ಓಡಿಹೋಗಿ ಪೆನ್ಸಿಲ್ ತಂದುಕೊಟ್ಟಳು. ಆಮೇಲೆ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು.

ಅಲ್ಲಿಂದ ಅವರನ್ನು ಹಿಡಿಯುವವರೇ ಇರಲಿಲ್ಲ. ಬೆಳಿಗ್ಗೆ ಒಂದು, ಊಟವಾದ ಮೇಲೆ ಒಂದು. ತೆಳು ಪುಸ್ತಕ ಮುಗಿದು ದಪ್ಪ ಚಿತ್ರಕಾದಂಬರಿಗಳು ಬಂದವು. ಕೊನೆಯದರಲ್ಲಿ ನೀಲಿ ಮುಖವಾಡದ ಹೆಂಗಸೊಬ್ಬಳು ಕುಸಿಯುತ್ತಿದ್ದ ಸೇತುವೆಗೆ ಹೆಗಲು ಕೊಟ್ಟು ನಿಂತಿದ್ದಳು. ಮೇಲೆ ಜನ ತುಂಬಿದ ಬಸ್ಸು. ಮೊದಲ ಭಾಗ ಅಲ್ಲಿಗೇ ಮುಗಿದಿತ್ತು.

"ಎರಡನೇದು ತರಿಸು" ಎಂದು ನಾಲ್ಕು ದಿನ ಪ್ರಾಣ ತಿಂದರು. ಅಂಗಡಿಯವನು ಹುಡುಕುತ್ತಲೇ ಇದ್ದ. ನಿನ್ನೆ ಬೆಳಿಗ್ಗೆ ಎರಡನೇ ಹೊಡೆತ ಬಿತ್ತು. ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಕೊಡಲಿಲ್ಲ.

*

ಪ್ರೆಸ್ಸಿನ ಮಾಲೀಕರು ಮೇಲಿನ ಪುಸ್ತಕ ತೆಗೆದು ಪುಟ ತಿರುವಿದರು. ನಾದಿನಿ ತಲೆ ತಗ್ಗಿಸಿದಳು.

"ಇಲ್ಲೂ ಪ್ರೂಫ್ ನೋಡಿದ್ದಾನಲ್ಲ, ಪುಣ್ಯಾತ್ಮ!" ಎಂದು ನಕ್ಕವರು, ಪುಸ್ತಕ ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು.

ಹೊರಗೆ ವ್ಯಾನು ಬಂದು ನಿಂತಿತು. ಅದರ ಹಿಂದೆಯೇ ಪುಸ್ತಕದಂಗಡಿಯವನು ಸೈಕಲ್ ಇಳಿದ. ಜನ ಸೇರಿದ್ದು ಕಂಡು ಮೆಟ್ಟಿಲ ಹತ್ತಿರವೇ ನಿಂತ. ಒಂದು ಕೈ ಬೆನ್ನ ಹಿಂದಿತ್ತು.

"ಗೊತ್ತಿರಲಿಲ್ಲಮ್ಮ. ಸುಮ್ಮನೆ... ಆಮೇಲೆ ಬರ್ತೀನಿ."

"ಸಿಕ್ತಾ?"

ಅವನು ಕೈಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿದ.

"ಕೊಡಿ ಇಲ್ಲಿ."

ಆಕೆ ಗಂಡನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತು, ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದಳು. ಕೋಣೆಯಲ್ಲಿ ಪಿಸುಮಾತು ಎದ್ದಿತು.

"ಅತ್ತಿಗೆ, ಜನ ನೋಡ್ತಿದ್ದಾರೆ."

"ನೋಡಲಿ."

ಡ್ರೈವರು ಬಾಗಿಲಿಗೆ ಬಂದ. "ಅಮ್ಮ, ಹೊತ್ತಾಯ್ತು."

"ಇನ್ನೂ ಇಪ್ಪತ್ತು ಪುಟ ಇದೆ. ನಿಂತ್ಕೊಳ್ಳಿ."

ಅವನು ನಿಂತುಕೊಂಡ. ನೀಲಿ ಮುಖವಾಡದ ಹೆಂಗಸಿನ ಮೊಣಕಾಲು ಬಾಗಿತು, ಸೇತುವೆಯ ಕಂಬವೊಂದು ಮುರಿಯಿತು, ಬಸ್ಸಿನಿಂದ ಒಬ್ಬೊಬ್ಬರೇ ಇಳಿಯತೊಡಗಿದರು. ಪಿಸುಮಾತು ಯಾವಾಗಲೋ ನಿಂತಿತ್ತು.

"ಎಲ್ಲರೂ ಇಳಿದರಾ?" ಎಂದ ಡ್ರೈವರು.

ಆಕೆ ಕೊನೆಯ ಪುಟ ತಿರುಗಿಸಿ ಸುಮ್ಮನಾದಳು.

"ಏನಾಯ್ತು ಅತ್ತಿಗೆ? ಓದಿ" ಎಂದಳು ನಾದಿನಿ.

ಆ ಪುಟದಲ್ಲಿ ಒಂದು ಅಕ್ಷರವೂ ಇರಲಿಲ್ಲ, ಬರೀ ಚಿತ್ರ. ಆಕೆ ಪುಸ್ತಕವನ್ನು ಹಿಂದುಮುಂದಾಗಿ ತಿರುಗಿಸಿ, ಗಂಡನ ಮುಖದ ನೇರಕ್ಕೆ, ಎರಡೂ ಕೈಯಲ್ಲಿ ಅಗಲಕ್ಕೆ ಬಿಡಿಸಿ ಹಿಡಿದಳು.