ಪೆಟ್ಟಿಗೆಯಲ್ಲಿ ಕೂತ ಪ್ರೆಬೆನ್

ಕೋಪನ್‌ಹೇಗನ್ನಿನ ನಮ್ಮ ಸೈಕಲ್ ಅಂಗಡಿಯಲ್ಲಿ ನಾನು ಮೊದಲ ಸಲ, ಮುಂದೆ ದೊಡ್ಡ ಪೆಟ್ಟಿಗೆಯಿರುವ ಸಾಮಾನು ಸಾಗಿಸುವ ಸೈಕಲ್ಲಿಗೆ ಮೋಟಾರು ಕೂಡಿಸಿದಾಗ, ನನ್ನ ಗಂಡ ಪ್ರೆಬೆನ್ ತನ್ನ ಸೈಕಲ್ ಕ್ಲಬ್ಬಿನ ಗೆಳೆಯರೆದುರೇ ನಕ್ಕುಬಿಟ್ಟ.

"ಕಾಲಿದ್ದೋರಿಗೆ ಮೋಟಾರು ಯಾಕೆ ಬಿರ್ಥೆ? ತುಳಿಯೋಕಾಗ್ದಿದ್ರೆ ಮನೇಲಿ ಬಿದ್ಕೋ."

ಅಂಗಡಿ ಅವನ ಹೆಸರಿನಲ್ಲಿತ್ತು. ನನ್ನ ಸಾಮಾನನ್ನೆಲ್ಲ ಬೀದಿಗೆ ಎಸೆದ, ಆಮೇಲೆ ನನ್ನನ್ನೂ ಬಿಟ್ಟ. ನಾನು ಹಲ್ಲು ಕಚ್ಚಿಕೊಂಡು ನನ್ನದೇ ಸಣ್ಣ ಅಂಗಡಿ ತೆರೆದು ಕಾದೆ.

ಈಗ ಬೇಕರಿಯವರು, ಅಂಚೆಯವರು, ಮಕ್ಕಳನ್ನು ಶಿಶುವಿಹಾರಕ್ಕೆ ಒಯ್ಯುವ ಅಪ್ಪಂದಿರು ಎಲ್ಲರೂ ನನ್ನ ಬ್ಯಾಟರಿ ಸೈಕಲ್ಲಿಗೇ ಸಾಲುಗಟ್ಟುತ್ತಾರೆ. ಪ್ರೆಬೆನ್ನನ ಅಂಗಡಿ ಮುಚ್ಚಿತು. ತುಳಿದು ತುಳಿದು ಅವನ ಕಾಲಿನ ಮಂಡಿಯೂ ಸವೆದುಹೋಯಿತು. ಕಳೆದ ಶುಕ್ರವಾರ ಕುಂಟುತ್ತ ನನ್ನಲ್ಲಿಗೇ ಬಂದ.

"ಒಂದು ಓಡಿಸಿ ನೋಡ್ಲಾ?"

"ಕೊಳ್ಳೋರು ಮೊದ್ಲು ಮುಂದಿನ ಪೆಟ್ಟಿಗೇಲಿ ಕೂರ್ಬೇಕು. ಮಕ್ಳು ಕೂರೋ ಜಾಗ ಹೇಗಿದೆ ಅಂತ ತಿಳೀಬೇಕಲ್ಲ. ನಮ್ಮಂಗ್ಡಿ ಪದ್ಧತಿ."

ಮಂಡಿ ಗಲ್ಲಕ್ಕೆ ತಾಗುವಂತೆ ಮುದುರಿ ಕೂತ. ಎದುರುಗಾಳಿಯಲ್ಲಿ ಉದ್ದನೆಯ ಸೇತುವೆ ದಾಟಿಸಿ, ನೇರ ಅವನ ಕ್ಲಬ್ಬಿನ ಬಾಗಿಲಿಗೇ ಒಯ್ದೆ. ಗೆಳೆಯರೆಲ್ಲ ಹೊರಗೆ ಬಿಯರ್ ಹಿಡಿದು ಕೂತಿದ್ದರು.

"ಏನೋ ಪ್ರೆಬೆನ್, ನೀನೇ ಸಾಮಾನಾಗ್ಬಿಟ್ಯಾ?" ಒಬ್ಬ ಕೂಗಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸಾಕು, ವಾಪಸ್ ಹೋಗೋಣ," ಎಂದು ಅವನು ಗೊಣಗಿದ. ಕಿವಿ ಕೆಂಪಗಾಗಿತ್ತು.

"ಈಗ ನೀನು ಓಡಿಸು," ಎಂದು ಇಳಿದೆ. ಅವನು ಹೇಗೋ ಸೀಟು ಹತ್ತಿದ. ನಾನು ಬೀಗ ತೆಗೆದು ಬ್ಯಾಟರಿಯನ್ನು ಎಳೆದು ಕಂಕುಳಲ್ಲಿಟ್ಟುಕೊಂಡೆ.

"ಅಯ್ಯೋ ಬಿರ್ಥೆ, ಅದಿಲ್ದೆ ಈ ಭಾರಾನ ಹೇಗೆ ತುಳೀಲಿ?"

"ಕಾಲಿದೆಯಲ್ಲ," ಎಂದು ಬಸ್ಸು ಹತ್ತಿದೆ.