ಅಕ್ಕ ಒಡೆಯಲು ಕೊಟ್ಟ ಡಿಸ್ಕ್

ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ನಿಂತು ಅವನ ಸ್ವಂತ ಹೆಸರು ಬೀದಿಯವರಿಗೆ ಮರೆತೇಹೋಗಿತ್ತು. ಎಲ್ಲರಿಗೂ ಅವನು ಲೇತಪ್ಪ. ಅದೇ ಬೀದಿಯ ಕೊನೆಯಲ್ಲಿ ಎರಡು ಕೋಣೆ ಹಿಡಿದಿದ್ದ ಅವನ ಅಕ್ಕ ಎಲ್ಲರಿಗೂ ಡಾಕ್ಟ್ರಮ್ಮ. ಅವಳು ಡಾಕ್ಟರೂ ಅಲ್ಲ, ಯಾರಿಗೂ ಅಮ್ಮನೂ ಅಲ್ಲ. ಮನಸ್ಸು ಕೆಟ್ಟವರ, ಮನೆ ಕೆಟ್ಟವರ ಮಾತು ಕೇಳಿ ದಾರಿ ತೋರುವ ಆಪ್ತಸಮಾಲೋಚಕಿ. ಹೊರಗಿನ ಕೋಣೆಯಲ್ಲಿ ಒಂದು ಬೆಂಚು, ಒಳಗಿನದರಲ್ಲಿ ಎರಡು ಕುರ್ಚಿ, ದಪ್ಪ ಪರದೆ ಇಳಿಬಿಟ್ಟ ಕಿಟಕಿ, ಒಂದು ಹೂಜಿ ನೀರು. ಅವಳ ಆಸ್ತಿ ಇಷ್ಟೇ.

ಒಂದು ಮಧ್ಯಾಹ್ನ ಅವಳು ಬಟ್ಟೆಯ ಚೀಲ ಹಿಡಿದು ತಮ್ಮನ ವರ್ಕ್‌ಶಾಪಿಗೆ ಬಂದಳು. ಚೀಲದಿಂದ ಅಂಗೈಯಗಲದ ಕಪ್ಪು ಹಾರ್ಡ್ ಡಿಸ್ಕ್ ತೆಗೆದು ಬೆಂಚಿನ ಮೇಲಿಟ್ಟಳು. ಅದರ ಒಂದು ಮೂಲೆ ಜಜ್ಜಿಹೋಗಿತ್ತು.

“ಇದನ್ನ ಒಡೀಬೇಕು ಕಣೋ.”

“ಆಗ್ಲೇ ಒಡೆದುಹೋಗಿದ್ಯಲ್ಲ?”

“ಕೈ ಜಾರಿ ಬಿದ್ದು ಕೆಟ್ಟಿದೆ, ಅಷ್ಟೇ. ಕೆಟ್ಟಿದ್ದು ಬೇರೆ, ಒಡೆದಿದ್ದು ಬೇರೆ. ಹನ್ನೆರಡು ವರ್ಷದಿಂದ ನನ್ನ ಮುಂದೆ ಕೂತು ಅತ್ತವರ ಮಾತೆಲ್ಲ ಇದರೊಳಗಿದೆ. ಅವರನ್ನ ಕೇಳಿಯೇ ರೆಕಾರ್ಡ್ ಮಾಡಿದ್ದು. ಬೇರೆಲ್ಲೂ ಪ್ರತಿ ಇಲ್ಲ, ಇದು ಬಿದ್ದ ಮೇಲೆ ರೆಕಾರ್ಡ್ ಮಾಡೋದನ್ನೂ ಬಿಟ್ಟಿದ್ದೀನಿ. ನಾನು ಬಿಟ್ರೆ ಇನ್ನೊಬ್ಬರ ಕಿವಿಗೆ ಬೀಳಲ್ಲ ಅಂತ ಪ್ರತಿಯೊಬ್ಬರಿಗೂ ಮಾತು ಕೊಟ್ಟಿದ್ದೀನಿ.”

“ಹಾಗಾದ್ರೆ ಕಸಕ್ಕೆ ಹಾಕಿದ್ರಾಯ್ತು.”

“ಕಸದಿಂದ ಎತ್ಕೊಂಡವನು ರಿಪೇರಿ ಮಾಡಿಸಿದ್ರೆ? ಅದಕ್ಕೇ ನಿನ್ನ ಹತ್ರ ತಂದಿದ್ದು. ಕಬ್ಬಿಣ ಕೊರೆಯೋ ಕೈ ನಿಂದು, ಇದೇನು ಮಹಾ.”

“ನಾಳೆ ಮಾಡ್ತೀನಿ, ಇಟ್ಟು ಹೋಗು.”

“ನಾಳೆ ಅಂದವನ ಮನೆ ಹಾಳು,” ಎಂದು ನಕ್ಕು ಹೋದಳು.

ಅವನು ಅದನ್ನು ಬೇರಿಂಗುಗಳ ಡಬ್ಬದ ಹಿಂದೆ ತಳ್ಳಿದ. ಆ ವಾರ ಪಂಪ್‌ಸೆಟ್ಟುಗಳ ದೊಡ್ಡ ಕೆಲಸ ಬಂದಿತ್ತು. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಬಂತು. ಅಕ್ಕ ಸಿಕ್ಕಾಗಲೆಲ್ಲ “ಆಯ್ತೇನೋ?” ಎನ್ನುತ್ತಿದ್ದಳು. ಇವನು “ಆದಂಗೇ ಅನ್ಕೋ” ಎನ್ನುತ್ತಿದ್ದ. ಹತ್ತು ವಾರ ಹೀಗೇ ಕಳೆಯಿತು.

ಹನ್ನೊಂದನೆಯ ವಾರ ಒಂದು ಬೆಳಿಗ್ಗೆ, ಬರಬೇಕಾದವರಿಗಾಗಿ ಕಾಯುತ್ತ ಕುರ್ಚಿಯಲ್ಲಿ ಕೂತಿದ್ದ ಅಕ್ಕ ಪಕ್ಕಕ್ಕೆ ವಾಲಿಬಿಟ್ಟಳು. ಮೆದುಳಿನಲ್ಲಿ ರಕ್ತಸ್ರಾವ. ಆಸ್ಪತ್ರೆಯಲ್ಲಿ ಮೂರು ದಿನ ಕಣ್ಣು ತೆರೆದೇ ಇದ್ದಳು, ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ನಾಲ್ಕನೆಯ ದಿನ ಆ ಕಣ್ಣೂ ಮುಚ್ಚಿತು.

ಅವನ ಒಂಬತ್ತನೆಯ ವಯಸ್ಸಿನಲ್ಲಿ ಅಮ್ಮ ತೀರಿಕೊಂಡಿದ್ದಳು. ಅಂದಿನಿಂದ ಅವನನ್ನು ಸ್ನಾನಕ್ಕೆ ಕರೆದದ್ದು, ಗದರಿದ್ದು, ಪಾಠ ಓದಿ ಹೇಳಿದ್ದು ಎಲ್ಲ ಅಕ್ಕನ ದನಿಯೇ. ಅವಳು ಹೋಗಿ ತಿಂಗಳಾಗುವಷ್ಟರಲ್ಲಿ ಆ ದನಿ ಮನಸ್ಸಿನಲ್ಲಿ ಮಾಸತೊಡಗಿತು. ಮಾತುಗಳು ನೆನಪಿದ್ದವು, ಅವುಗಳ ಇಂಪು ನೆನಪಿಗೆ ಬರುತ್ತಿರಲಿಲ್ಲ. ಫೋನಿನಲ್ಲಿ ಫೋಟೋ ಬೇಕಾದಷ್ಟಿದ್ದವು, ದನಿ ಮಾತ್ರ ಒಂದು ಚೂರೂ ಇರಲಿಲ್ಲ. ‘ಊಟ ಆಯ್ತಾ’ ಎಂದು ಕೇಳಬೇಕಾದರೂ ಟೈಪ್ ಮಾಡಿಯೇ ಕೇಳುತ್ತಿದ್ದ ಹೆಂಗಸು ಅವಳು.

ಒಂದು ದಿನ ಬೇರಿಂಗು ಹುಡುಕುವಾಗ ಡಿಸ್ಕ್ ಕೈಗೆ ಸಿಕ್ಕಿತು. ಅವನು ಅದನ್ನು ಹಿಡಿದು ಬಹಳ ಹೊತ್ತು ನಿಂತ. ಡ್ರಿಲ್ಲಿಂಗ್ ಯಂತ್ರ ಎರಡು ಹೆಜ್ಜೆ ಆಚೆಗಿತ್ತು. ಆ ಎರಡು ಹೆಜ್ಜೆ ಇಡಲಿಲ್ಲ. ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಹಳೆಯ ಡಿಸ್ಕುಗಳಿಂದ ಮಾಹಿತಿ ತೆಗೆದುಕೊಡುವ ರಿಪೇರಿಯವನ ಹತ್ತಿರ ಹೋದ.

ರಿಪೇರಿಯವನು ಅದನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದ. “ಓದೋ ಮುಳ್ಳು ಮುರಿದಿರೋ ಹಾಗಿದೆ. ಇದೇ ಮಾದರಿಯ ಇನ್ನೊಂದು ಡಿಸ್ಕಿಂದ ತೆಗೆದು ಹಾಕ್ತೀನಿ. ಒಳಗೆ ತಿರುಗೋ ತಟ್ಟೆಗೆ ಗೀರು ಬಿದ್ದಿಲ್ಲ ಅಂದ್ರೆ ಎಲ್ಲಾ ಬರತ್ತೆ. ಏನಿದೆ ಅಣ್ಣಾ ಇದರಲ್ಲಿ?”

“ನಮ್ಮಕ್ಕನ ದನಿ.”

“ಸರಿಯಾಗಿ ಬಂದಿದ್ಯಾ ಅಂತ ಅಲ್ಲಲ್ಲಿ ತೆರೆದು ಕೇಳ್ಬೇಕಾಗತ್ತೆ. ಪರವಾಗಿಲ್ವಾ?”

ಅವನು ಆಗಲೇ ನಿಜ ಹೇಳಬಹುದಿತ್ತು. ತಲೆಯಾಡಿಸಿ ಬಂದುಬಿಟ್ಟ.

ವಾರದ ಮೇಲೆ ಒಬ್ಬ ಹೆಂಗಸು ವರ್ಕ್‌ಶಾಪಿನ ಬಾಗಿಲಲ್ಲಿ ಬಂದು ನಿಂತಳು. ಬಸ್ ಕಂಡಕ್ಟರ್. ಸಮವಸ್ತ್ರದಲ್ಲೇ ಇದ್ದಳು, ಹೆಗಲಲ್ಲಿ ಚರ್ಮದ ಚೀಲ. ಲೇತ್ ನಿಲ್ಲುವವರೆಗೆ ಕಾದು, ಆಮೇಲೆ ಒಳಗೆ ಬಂದಳು.

“ಡಾಕ್ಟ್ರಮ್ಮನ ತಮ್ಮ ನೀವೇನಾ?”

“ಹೌದಮ್ಮ, ಹೇಳಿ.”

“ನಾನು ಅವರ ಹತ್ರ ಎರಡು ವರ್ಷ ಬರ್ತಿದ್ದೆ.” ಇಷ್ಟು ಹೇಳಿ ಸುತ್ತ ನೋಡಿದಳು. ಯಾರೂ ಇರಲಿಲ್ಲ. “ಅವರು ಒಂದು ಸಣ್ಣ ಮಶೀನಲ್ಲಿ ಮಾತು ಹಿಡಿದಿಟ್ಕೋತಿದ್ರು. ನಾನೇ ಒಪ್ಕೊಂಡಿದ್ದೆ, ಅವರ ಮೇಲೆ ನಂಬಿಕೆ ಇತ್ತು. ಈಗ ಅವರೇ ಇಲ್ಲ. ನಾನು ಅಲ್ಲಿ ಹೇಳಿದ್ದು ನಮ್ಮಮ್ಮನಿಗೂ ಗೊತ್ತಿಲ್ಲ, ಗಂಡನಿಗೂ ಗೊತ್ತಿಲ್ಲ. ಗೊತ್ತಾದ್ರೆ ನಾನು ಆ ಮನೇಲಿ ಇರೋ ಹಾಗಿಲ್ಲ. ಅದೆಲ್ಲಾ ಎಲ್ಲಿದೆ ಅಣ್ಣಾ?”

ಅವನು ಹತ್ತಿಯಲ್ಲಿ ಕೈಯ ಎಣ್ಣೆ ಒರೆಸಿಕೊಳ್ಳುತ್ತ, ಅವಳ ಮುಖ ನೋಡದೆ, “ಒಡೆದು ಹಾಕಿದೆ,” ಎಂದ. “ಅಕ್ಕನೇ ಹೇಳಿದ್ಲು ಒಡೆದುಬಿಡು ಅಂತ.”

ಹೆಂಗಸು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಎದ್ದು, “ನಿಮ್ಮ ಹೊಟ್ಟೆ ತಣ್ಣಗಿರಲಿ,” ಎಂದು ಹೇಳಿ ಹೋದಳು.

ಅಂದು ಸಂಜೆ ಅವನು ಅನ್ನ ಕಲಸಿಟ್ಟು ಹಾಗೇ ಕೂತ. ಹೆಂಡತಿ ತಟ್ಟೆಯನ್ನೂ ಗಂಡನ ಮುಖವನ್ನೂ ನೋಡಿ, “ಏನಾಯ್ತು ರೀ?” ಎಂದಳು. ಅವನು ಮುಚ್ಚಿಡದೆ ಹೇಳಿದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಬೈಯಲಿಲ್ಲ.

“ಅತ್ತಿಗೆ ದನಿ ನನಗೂ ಕೇಳ್ಬೇಕು ಅನ್ಸತ್ತೆ,” ಎಂದಳು. “ಆದ್ರೆ ನಿಮಗೆ ಅವರ ಮಾತು ಬೇಕು, ಅವರು ಕೊಟ್ಟ ಮಾತು ಬೇಡ್ವಾ?”

ಮರುದಿನ ಅಂಗಡಿ ತೆರೆಯುವ ಮೊದಲೇ ಅವನು ಕನ್ನಡಕದಂಗಡಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದ. ರಿಪೇರಿಯವನು ಬಂದವನೇ ಮುಖ ಅರಳಿಸಿದ. “ನೂರಾಯಸ್ಸು ಅಣ್ಣಾ ನಿಮಗೆ! ನಾನೇ ಫೋನ್ ಮಾಡೋಣ ಅಂತಿದ್ದೆ. ಎಲ್ಲಾ ಬಂದಿದೆ. ಬೇರೆ ಡಿಸ್ಕಿಗೆ ಇಳಿಸಿ ಇಟ್ಟಿದ್ದೀನಿ. ಕೇಳಿ ಬೇಕಾದ್ರೆ.” ಇವನು ಬೇಡ ಎನ್ನುವಷ್ಟರಲ್ಲಿ ಗುಂಡಿ ಒತ್ತಿಯೂಬಿಟ್ಟ.

ಕುರ್ಚಿ ಎಳೆದ ಸದ್ದು. ಲೋಟಕ್ಕೆ ನೀರು ಸುರಿದ ಸದ್ದು. ಆಮೇಲೆ ಅಕ್ಕ.

“ಅವಸರ ಏನಿಲ್ಲ. ಎಲ್ಲಿಂದ ಬೇಕಾದ್ರೂ ಶುರು ಮಾಡಿ.”

ಹೌದು, ಇದೇ ದನಿ. ‘ಶುರು’ ಎನ್ನುವಾಗ ಸ್ವಲ್ಪ ಎಳೆಯುವುದು, ಕೊನೆಯಲ್ಲಿ ತಗ್ಗುವುದು. ಹೇಗೆ ಮರೆತೆ ಇದನ್ನು? ಅಷ್ಟರಲ್ಲಿ ಯಾರೋ ಗಂಡಸು ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು. “ಇದನ್ನ ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲಮ್ಮ...”

“ನಿಲ್ಸಿ!”

ರಿಪೇರಿಯವನು ಬೆಚ್ಚಿ ನಿಲ್ಲಿಸಿದ.

“ನೀವೆಷ್ಟು ಕೇಳಿದ್ರಿ?”

“ಎರಡೋ ಮೂರೋ ಫೈಲು, ಒಂದೊಂದು ಹತ್ತು ಸೆಕೆಂಡು. ಇಂಥದ್ದು ಅಂತ ಗೊತ್ತಾದ ಮೇಲೆ ಮುಂದಕ್ಕೆ ಹೋಗ್ಲಿಲ್ಲ.” ಅವನ ಮುಖ ಸಪ್ಪಗಾಗಿತ್ತು. “ಮೊದಲೇ ಹೇಳ್ಬೇಕಿತ್ತು ಅಣ್ಣಾ ನೀವು.”

“ತಪ್ಪು ನಂದೇ. ಎಲ್ಲಾ ಅಳಿಸಿಬಿಡಿ.”

ರಿಪೇರಿಯವನು ಕೈ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡ. “ಆ ಒಂದು ಸಾಲು ಮಾತ್ರ ಕತ್ತರಿಸಿ ಕೊಡ್ಲಾ? ಅದರಲ್ಲಿ ನಿಮ್ಮಕ್ಕ ಒಬ್ಬರೇ ಇದ್ದಾರೆ. ಬೇರೆಯವರ ಉಸಿರೂ ಇಲ್ಲ.”

ಲೇತಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಾಲ್ಕು ಸೆಕೆಂಡಿನ ದನಿ. ಯಾರಿಗೇನು ನಷ್ಟ? ಫೋನಿನಲ್ಲಿ ಇಟ್ಟುಕೊಂಡು ದಿನಕ್ಕೊಮ್ಮೆ ಕೇಳಬಹುದು. ಕಣ್ಣು ಮುಚ್ಚಿದರೆ ಮತ್ತೆ ಅದೇ ಗಂಡಸು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

“ಬೇಡ,” ಎಂದ. “ಅದು ಆ ಮನುಷ್ಯನಿಗೆ ಹೇಳಿದ್ದು. ನನಗಲ್ಲ.”

ಅಳಿಸು ಎಂದರೆ ಅಳಿಯುವುದಿಲ್ಲ ಎಂದು ಅವನಿಗೆ ಆ ದಿನ ತಿಳಿಯಿತು. ಹಾಗೆ ಅಳಿಸಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಮಾತು ಅಲ್ಲೇ ಕೂತಿರುತ್ತದೆ. ಮಾತು ಇಳಿಸಿಟ್ಟಿದ್ದ ಇಡೀ ಡಿಸ್ಕಿನ ಮೇಲೆ ತುದಿಯಿಂದ ತುದಿಗೆ ಸೊನ್ನೆ ಬರೆಯಬೇಕು. ಅದಕ್ಕೆ ಸಂಜೆಯವರೆಗೆ ಹಿಡಿಯಿತು. ಅವನು ಕದಲದೆ ಪರದೆಯ ಮೇಲಿನ ಶೇಕಡಾ ಲೆಕ್ಕ ಏರುವುದನ್ನೇ ನೋಡುತ್ತ ಕೂತ. ಒಮ್ಮೆ ನೀರು ಕುಡಿಯಲೂ ಏಳಲಿಲ್ಲ. ನೂರು ಮುಟ್ಟಿದ ಮೇಲೆ ಮೂಲ ಡಿಸ್ಕನ್ನು ಕೈಗೆ ತೆಗೆದುಕೊಂಡ.

“ಕೊರೀತೀರಾ?” ಎಂದ ರಿಪೇರಿಯವನು. “ಹುಷಾರು. ಈ ಚಿಕ್ಕ ಡಿಸ್ಕ್‌ಗಳಲ್ಲಿ ತಟ್ಟೆ ಗಾಜಿಂದು, ನೋಡೋಕೆ ಮಾತ್ರ ಲೋಹ. ಚೂರು ಕಣ್ಣಿಗೆ ಹಾರತ್ತೆ. ದಪ್ಪ ಬಟ್ಟೇಲಿ ಸುತ್ತಿ ಬಡೀರಿ. ಸುಡೋಕೆ ಹೋಗ್ಬೇಡಿ, ಹೊಗೆ ವಿಷ.”

ಇನ್ನು ಉಳಿದದ್ದು ಹೇಳಿದ ಸುಳ್ಳು. ಮರುದಿನ ಅವನು ಬಸ್ ನಿಲ್ದಾಣಕ್ಕೆ ಹೋಗಿ ವಿಚಾರಿಸಿ, ಎರಡು ಸರದಿಯ ನಡುವೆ ಚಹಾ ಕುಡಿಯುತ್ತಿದ್ದ ಕಂಡಕ್ಟರ್ ಹೆಂಗಸನ್ನು ಹುಡುಕಿದ. ಜನರಿಂದ ದೂರಕ್ಕೆ ಕರೆದು ಎಲ್ಲ ಹೇಳಿದ. ರಿಪೇರಿಯವನು ಕೇಳಿದ ಹತ್ತು ಹತ್ತು ಸೆಕೆಂಡುಗಳನ್ನೂ ಬಿಡಲಿಲ್ಲ.

“ಅವನು ಕೇಳಿದ್ದು ನನ್ನದಾ?”

“ಗೊತ್ತಿಲ್ಲಮ್ಮ. ನಾನು ಕೇಳಿಸ್ಕೊಂಡಿದ್ದು ನಿಮ್ಮದಲ್ಲ.”

“ಎರಡು ತಿಂಗಳಿಂದ ಕಣ್ಣಿಗೆ ನಿದ್ದೆ ಇರ್ಲಿಲ್ಲ. ಮೊನ್ನೆ ನಿಮ್ಮ ಮಾತು ನಂಬಿ ಮಲಗಿದ್ದೆ. ಅದನ್ನೂ ಕಿತ್ಕೊಂಡ್ರಿ.” ಅವಳು ಉಳಿದ ಚಹಾ ಚೆಲ್ಲಿದಳು. ಆಮೇಲೆ, “ಈಗೆಲ್ಲಿದೆ ಅದು?” ಎಂದಳು.

“ನನ್ನ ಹತ್ರಾನೇ ಇದೆ.”

“ಮೂರಕ್ಕೆ ನನ್ನ ಪಾಳಿ ಮುಗಿಯತ್ತೆ. ನಾನು ಬರೋವರೆಗೂ ಮುಟ್ಬೇಡಿ. ನನ್ನ ಕಣ್ಣ ಮುಂದೇನೇ ಆಗ್ಬೇಕು.”

ಮೂರೂವರೆಗೆ ಬಂದಳು. ಅವನು ವರ್ಕ್‌ಶಾಪಿನ ಷಟರ್ ಅರ್ಧ ಇಳಿಸಿ, ಅವಳಿಗೊಂದು ರಕ್ಷಣೆಯ ಕನ್ನಡಕ ಕೊಟ್ಟು ತಾನೂ ಒಂದು ಹಾಕಿಕೊಂಡ. ನಕ್ಷತ್ರದ ಬಾಯಿಯ ಸಣ್ಣ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದ. ಮುಚ್ಚಳ ಎದ್ದಾಗ ಒಳಗೆ ಕನ್ನಡಿಗಿಂತ ನುಣುಪಾದ ಎರಡು ತಟ್ಟೆಗಳು ಒಂದರ ಮೇಲೊಂದು ಕಂಡವು. ಒಂದು ಗೀರೂ ಇರಲಿಲ್ಲ.

“ಇಷ್ಟೇನಾ?” ಎಂದಳು ಅವಳು.

“ಇಷ್ಟೇ.”

“ನಿಮ್ಮಕ್ಕನ ದನಿ ಬೇಕು ಅಂತ ರಿಪೇರಿ ಮಾಡಿಸೋಕೆ ಹೋದೆ ಅಂದ್ರಲ್ಲ. ಅವರ ಮಾತು ಇದರಲ್ಲಿ ಜಾಸ್ತಿ ಇರ್ತಿರ್ಲಿಲ್ಲ ಅಣ್ಣಾ. ಎರಡು ವರ್ಷದಲ್ಲಿ ಅವರು ನನ್ನ ಹತ್ರ ನೂರು ಮಾತಾಡಿದ್ರೆ ಹೆಚ್ಚು. ಸುಮ್ನೆ ಕೂತಿರ್ತಿದ್ರು. ಅವರು ಹಾಗೆ ಕೂತಿದ್ದಕ್ಕೇ ನಾನಿವತ್ತು ಬದುಕಿದ್ದೀನಿ.”

ಅವನು ತಟ್ಟೆಗಳನ್ನು ಬಿಡಿಸಿ, ನಾಲ್ಕು ಮಡಿಕೆ ಟಾರ್ಪಾಲಿನಲ್ಲಿ ಸುತ್ತಿ ಕಬ್ಬಿಣದ ದಿಮ್ಮಿಯ ಮೇಲಿಟ್ಟ. ಸುತ್ತಿಗೆ ಎತ್ತಿದವನು ಒಂದು ಗಳಿಗೆ ತಡೆದು, ಅದನ್ನು ಅವಳ ಕಡೆ ಚಾಚಿದ. ಅವಳು ಚರ್ಮದ ಚೀಲ ಕೆಳಗಿಟ್ಟು ಸುತ್ತಿಗೆ ತೆಗೆದುಕೊಂಡಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ನಿಮಿಷವೂ ಹಿಡಿಯಲಿಲ್ಲ. ಮೊದಲ ಏಟಿಗೆ ಒಳಗೆ ಪಟ್ಟೆಂದು ಒಡೆದ ಸದ್ದಾಯಿತು. ಅವಳು ನಿಲ್ಲಿಸಲಿಲ್ಲ. ಹಲ್ಲು ಕಚ್ಚಿ ಮತ್ತೆ ಮತ್ತೆ ಬಡಿದಳು. ಗಂಟು ಚಪ್ಪಟೆಯಾಗುವವರೆಗೆ ಬಡಿದಳು. ಆಮೇಲೆ ಅವನೂ ಬಡಿದ. ಬಿಚ್ಚಿ ನೋಡಿದರೆ ಅಕ್ಕಿಕಾಳಿಗಿಂತ ಸಣ್ಣ ಚೂರುಗಳು. ಇಬ್ಬರೂ ಬ್ರಷ್ಷಿನಿಂದ ಗುಡಿಸಿ ಡಬ್ಬಕ್ಕೆ ತುಂಬಿದರು. ಬಾಗಿಲಲ್ಲಿ ಅವಳು ಕನ್ನಡಕ ಹಿಂದಿರುಗಿಸಿ, “ಬರ್ತೀನಿ ಅಣ್ಣಾ,” ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಅವನೂ ಕೇಳಲಿಲ್ಲ.

ಡಬ್ಬವನ್ನೂ ಡಿಸ್ಕಿನ ಉಳಿದ ಭಾಗಗಳನ್ನೂ ಅವನು ಎಲೆಕ್ಟ್ರಾನಿಕ್ ಕಸ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಟ್ಟು ಬಂದ.

ಆದರೂ ಅವನಿಗೆ ಸಮಾಧಾನವಾಗಲಿಲ್ಲ. ಕಂಡಕ್ಟರ್ ಧೈರ್ಯ ಮಾಡಿ ಬಂದು ಕೇಳಿದಳು. ಬಂದು ಕೇಳಲಾರದವರು ಎಷ್ಟು ಜನವೋ! ಅಕ್ಕನ ಕೋಣೆಯ ಬಾಗಿಲಿಗೆ ಒಂದು ಕಾಗದ ಅಂಟಿಸೋಣವೆಂದು ಹೆಂಡತಿಯೇ ಹೇಳಿದಳು. ಅವಳ ಅಕ್ಷರ ದುಂಡಗೆ. ಅವನು ಹೇಳಿದ, ಅವಳು ಬರೆದಳು. ‘ಇಲ್ಲಿ ನೀವು ಆಡಿದ ಮಾತುಗಳಿದ್ದ ಡಿಸ್ಕನ್ನು ಪುಡಿ ಮಾಡಲಾಗಿದೆ. ಬೇರೆ ಪ್ರತಿ ಇಲ್ಲ.’

“ಯಾರೂ ಕೇಳಿಲ್ಲ ಅಂತಾನೂ ಸೇರಿಸ್ಲಾ?” ಎಂದಳು.

“ಬೇಡ. ಸುಳ್ಳಾಗತ್ತೆ. ಬೇಕಾದವರು ಬಂದು ಕೇಳಲಿ, ಆದದ್ದು ಆದ ಹಾಗೇ ಹೇಳ್ತೀನಿ. ನಾನಿರೋ ಜಾಗ ಬರಿ.”

ಅಕ್ಕನ ಕೋಣೆಗಳ ಬಾಡಿಗೆ ಆ ತಿಂಗಳ ಕೊನೆಯವರೆಗಿತ್ತು. ಅಷ್ಟರೊಳಗೆ ಇಬ್ಬರು ವರ್ಕ್‌ಶಾಪಿಗೆ ಬಂದು ಕೇಳಿದರು. ಒಬ್ಬರು ಬಾಯಿಗೆ ಬಂದಂತೆ ಬೈದೂ ಹೋದರು. ಉಳಿದವರು ಬಾಗಿಲವರೆಗೆ ಮಾತ್ರ ಬಂದರು. ಒಂದು ಬೆಳಿಗ್ಗೆ ಕೋಣೆ ಖಾಲಿ ಮಾಡಲು ಹೊರಟ ಲೇತಪ್ಪ ದೂರದಿಂದಲೇ ಕಂಡ. ಕೊಡೆ ಹಿಡಿದ ವಯಸ್ಸಾದ ಗಂಡಸೊಬ್ಬ ಬೂಟಿನ ದಾರ ಕಟ್ಟುವ ನೆಪದಲ್ಲಿ ಬಾಗಿಲ ಮುಂದೆ ಬಗ್ಗಿದ್ದ. ದಾರ ಕಟ್ಟಿ ಎದ್ದ ಮೇಲೂ ಹೋಗದೆ, ತುಟಿ ಅಲುಗಿಸುತ್ತ ಕಾಗದವನ್ನು ಇನ್ನೊಮ್ಮೆ ಓದುತ್ತಿದ್ದ.

ಲೇತಪ್ಪ ಅಲ್ಲಿಂದಲೇ ತಿರುಗಿಕೊಂಡು, ಓದಿ ಮುಗಿಸಲಿ ಎಂದು, ಬೀದಿಯ ಆಚೆ ಮೂಲೆಯಲ್ಲಿ ಹೋಗಿ ನಿಂತ.