ಮಧ್ಯಾಹ್ನ ಸಾಯುವ ಕಂಪ್ಯೂಟರ್

“ಏನೂ ಮಾಡ್ತಿರ್ಲಿಲ್ಲ ಅಂದ್ರೆ ಅದು ತಾನಾಗೇ ಸಾಯತ್ತಾ ಭಾವ? ಇದೇನು ಮುದಿ ಎತ್ತಾ?”

ರಿಪೇರಿಯವನು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ನೆಲಕ್ಕಿಟ್ಟು, ಮಂಡಿಯೂರಿ ಕೂತು ಬ್ರಷ್ಷಿನಿಂದ ಧೂಳು ಹೊಡೆಯುತ್ತಿದ್ದ. ಇದೇ ಒಂದು ಕೆಲಸಕ್ಕೆ ಅಂಗಡಿ ಬಾಗಿಲು ಹಾಕಿಕೊಂಡು ಅಕ್ಕನ ಮನೆಗೆ ಓಡಿ ಬಂದು ಬಂದು ಅವನಿಗೆ ಸಾಕಾಗಿತ್ತು. ಫ್ಯಾನು ಬದಲಾಯಿಸಿದ್ದ. ಮೆಮೊರಿ ಬದಲಾಯಿಸಿದ್ದ. ಅಂಗಡಿಯಲ್ಲಿದ್ದ ಹೊಸ ಪವರ್ ಸಪ್ಲೈಯನ್ನೇ ತಂದು ಹಾಕಿದ್ದ. ಅವನೆದುರಿಗೆ ಕಂಪ್ಯೂಟರು ಅತ್ತೆ ಮುಂದಿನ ಹೊಸ ಸೊಸೆಯಂತೆ ತಲೆ ತಗ್ಗಿಸಿ ಕೆಲಸ ಮಾಡುತ್ತಿತ್ತು. ಅವನು ಹೊಸ್ತಿಲು ದಾಟಿದ ಮೇಲೆ ಮಧ್ಯಾಹ್ನ ಯಾವಾಗಲೋ ಪರದೆಯೆಲ್ಲ ನೀಲಿಯಾಗಿ ಸತ್ತು ಕೂರುತ್ತಿತ್ತು.

“ಮಲಗಿದ್ದೆ ಕಣಯ್ಯಾ,” ಅಂದ ಭಾವ, ಮಂಚದ ಮೇಲಿಂದ. “ಎದ್ದು ನೋಡಿದ್ರೆ ನೀಲಿ.”

ಮರಳು ಕಾಗದ ಉಜ್ಜಿದಂಥ ದನಿ. ಇದೇ ದನಿ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿತ್ತು ಎಂದರೆ ಹೊಸಬರು ನಂಬುವುದಿಲ್ಲ. ಅವನು ಬಾಯಿ ತೆರೆದರೆ ಮಂಡಿಯ ಆ ತುದಿಯಲ್ಲಿ ಮೂಟೆ ಹೊತ್ತವರು ನಿಂತು ತಿರುಗಿ ನೋಡುತ್ತಿದ್ದರು. ಈಗ ಗಂಟಲಲ್ಲಿ ಗಡ್ಡೆ. ಬರುವ ಸೋಮವಾರ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಆಮೇಲೆ ಮಾತಿಲ್ಲ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಒಂದು ದಾರಿ ಹೇಳಿದ್ದಳು: ದನಿ ಇರುವಾಗಲೇ ಬೇಕಾದ ಮಾತುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹೇಳಿಟ್ಟುಕೊಳ್ಳಿ, ಮುಂದೆ ಗುಂಡಿ ಒತ್ತಿದರೆ ನಿಮ್ಮ ದನಿಯಲ್ಲೇ ಮಾತಾಡುತ್ತೆ. ಆದರೆ ಗಂಟಲಿಗೆ ಆಯಾಸ ಮಾಡಬೇಡಿ, ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ.

ಹೀಗಾಗಿ ಬೆಳಗ್ಗೆ ಅಕ್ಕನೋ ಅವಳ ಮಗಳೋ ಪಕ್ಕದಲ್ಲಿ ಕೂತು, ‘ನೀರು ಬೇಕು’, ‘ಫ್ಯಾನು ಹಾಕಿ’, ‘ನೋವಾಗ್ತಿದೆ’ ಎಂದು ಹೇಳಿಸುತ್ತಿದ್ದರು. ಊಟವಾದ ಮೇಲೆ ಮೌನ. ಅದು ಅಕ್ಕನ ಆಜ್ಞೆ. ಗಂಡನಿಗೆ ಹೊದಿಕೆ ಎಳೆದು ಅವಳು ಗ್ರಂಥಾಲಯದ ಕೆಲಸಕ್ಕೆ ಹೋಗುತ್ತಿದ್ದಳು. ಮಗಳು ನರ್ಸಿಂಗ್ ಕಾಲೇಜಿನಿಂದ ಬರುವುದು ಸಂಜೆಗೆ.

“ಅಕ್ಕಾ, ಇದಕ್ಕೆ ಹೊಸದೇನಾದ್ರೂ ಹಾಕಿದ್ರಾ?”

“ನಂಗೇನೋ ಗೊತ್ತು ಅದು? ಬಟ್ಟೇಲಿ ಒರೆಸ್ತೀನಿ, ಅಷ್ಟೇ,” ಅಂದಳು ಅಕ್ಕ ಅಡುಗೆಮನೆಯಿಂದ.

“ನೀನೇನಮ್ಮಾ?”

“ಇಲ್ಲ ಮಾಮ,” ಅಂದಳು ಮಗಳು, ಚಪ್ಪಲಿ ಹುಡುಕುತ್ತ. ಅವಳ ಕಣ್ಣು ಅವನ ಕಡೆ ಬರಲಿಲ್ಲ.

ರಿಪೇರಿಯವನು ತಗಡು ಮುಚ್ಚಿ ಕಂಪ್ಯೂಟರು ಚಾಲು ಮಾಡಿದ. ಬಿಸಿ, ಧೂಳು, ಸಡಿಲ ವೈರು: ಅವನ ತಲೆ ಓಡುತ್ತಿದ್ದದ್ದು ಇಷ್ಟರಲ್ಲೇ. ಇವತ್ತು ಬೇಸತ್ತು, ಯಂತ್ರ ತಾನೇ ಬರೆದಿಟ್ಟುಕೊಳ್ಳುವ ತಪ್ಪುಗಳ ದಾಖಲೆ ತೆರೆದ. ನಿನ್ನೆ ಸತ್ತದ್ದು, ಮೊನ್ನೆ ಸತ್ತದ್ದು, ಅದರ ಹಿಂದಿನ ದಿನ ಸತ್ತದ್ದು ಎಲ್ಲ ಒಂದೇ ಗಳಿಗೆಗೆ, ಊಟ ಮುಗಿದ ಸ್ವಲ್ಪ ಹೊತ್ತಿಗೆ. ಧೂಳು ಗಡಿಯಾರ ನೋಡಿಕೊಂಡು ಬರುವುದಿಲ್ಲ.

“ಇವತ್ತು ನಾನು ಇಲ್ಲೇ ಇರ್ತೀನಿ ಭಾವ. ಸಾಯೋದನ್ನ ನೋಡೇ ಹೋಗೋದು.”

ಭಾವ ಎದ್ದು ಕೂತ. “ಯಾರು ಸಾಯೋದು? ಹೋಗಯ್ಯಾ ಅಂಗಡಿಗೆ! ನಾನು ಮಲಗ್ಬೇಕು. ನೀನು ಕೂತ್ರೆ ನಿದ್ದೆ ಬರಲ್ಲ.”

“ನಾನೇನು ತೊಟ್ಟಿಲು ತೂಗ್ತೀನಾ? ಮಲಗಿ.”

“ಹೋಗು ಅಂದ್ನಲ್ಲ!”

ಹಾಗೆ ಕಿರುಚಿದ್ದಕ್ಕೆ ಕೆಮ್ಮು ಬಂತು. ಅಕ್ಕ ಓಡಿ ಬಂದು ಗಂಡನ ಬೆನ್ನು ತಿಕ್ಕುತ್ತ ತಮ್ಮನ ಕಡೆ ಕೆಕ್ಕರಿಸಿದಳು. ಅವನು ತೆಪ್ಪಗೆ ಚೀಲ ಎತ್ತಿಕೊಂಡು ಹೊರಟ. ಎದುರು ರಸ್ತೆಯ ಅಂಗಡಿಯಲ್ಲಿ ಚಹಾ ಕುಡಿದ. ಅಕ್ಕ ಕೆಲಸಕ್ಕೆ ಹೋದದ್ದು ಕಂಡಿತು. ಒಂದಿಷ್ಟು ಹೊತ್ತು ಬಿಟ್ಟು ವಾಪಸು ಬಂದು ಹಿತ್ತಲ ಬಾಗಿಲಿಂದ ಕಳ್ಳನಂತೆ ಒಳಗೆ ಬಂದ.

ಮಂಚ ಖಾಲಿ. ಭಾವ ಕಂಪ್ಯೂಟರಿನ ಮುಂದೆ ಕೂತಿದ್ದ. ರಸ್ತೆಯ ಸದ್ದು ತಾಗದಿರಲಿ ಎಂದು ದೊಡ್ಡ ಟವೆಲನ್ನು ತನ್ನ ತಲೆಗೂ ಮೈಕಿಗೂ ಸೇರಿಸಿ ಹೊದ್ದುಕೊಂಡಿದ್ದ; ಹಬೆ ತೆಗೆದುಕೊಳ್ಳುವವನ ಹಾಗೆ. ಒಳಗಿನಿಂದ ದನಿ ಬರುತ್ತಿತ್ತು.

“ಇವ್ಳೇ.”

ಕೊಂಚ ಬಿಟ್ಟು, “ಏ ಇವ್ಳೇ.” ಇದು ಟವೆಲು ಎಲ್ಲಿಟ್ಟೆ ಎಂದು ಕೇಳುವಾಗಿನದು. “ಲೇ ಇವ್ಳೇ!” ಇದು ಅನ್ನ ಆರಿದ್ದಾಗಿನದು. “ಇವ್ಳೇ… ಬಂದೆ ಕಣೇ.” ಇದು ಚಪ್ಪಲಿ ಬಿಡುತ್ತ ಬಾಗಿಲಲ್ಲಿ ಹೇಳುವುದು.

ಅಷ್ಟರಲ್ಲಿ ಮೇಜಿನ ಮೇಲೆ ಕಂಪ್ಯೂಟರಿಗೆ ಸಿಕ್ಕಿಸಿದ್ದ ಹೊರಗಿನ ಡಿಸ್ಕು ಗುರ್ರೆಂದಿತು. ಅದರ ದೀಪ ಮಿಣುಕತೊಡಗಿತು. ಪರದೆಯ ಮೇಲೆ ದನಿಯ ಜೊತೆ ಕುಣಿಯುತ್ತಿದ್ದ ಗೆರೆ ತಡವರಿಸಿ ನಿಂತಿತು, ಮತ್ತೆ ಎಳೆದುಕೊಂಡಿತು, ನಿಂತಿತು. ರಿಪೇರಿಯವನು ಒಂದು ಹೆಜ್ಜೆ ಮುಂದಿಡುವುದರೊಳಗೆ ಪರದೆ ನೀಲಿಯಾಯಿತು.

ಟವೆಲಿನೊಳಗಿದ್ದವನಿಗೆ ಏನೂ ಕಾಣಲಿಲ್ಲ. ಸತ್ತ ಯಂತ್ರದ ಮುಂದೆ ಅವನು ಕರೆಯುತ್ತಲೇ ಇದ್ದ. “ಇವ್ಳೇ, ಸಾಕು ಮಲ್ಕೋ ಬಾರೇ… ಇವ್ಳೇ, ಅಳ್ಬೇಡ…”

ರಿಪೇರಿಯವನ ಕೈ ಟವೆಲಿನ ತನಕ ಹೋಗಿ ವಾಪಸು ಬಂತು. ದನಿ ಬತ್ತಿ, ಭಾವನೇ ಟವೆಲು ಸರಿಸಿದ. ಮುಂದೆ ನೀಲಿ, ಪಕ್ಕದಲ್ಲಿ ಹೆಂಡತಿಯ ತಮ್ಮ.

“ಥೂ! ಇವತ್ತೂ ಹೋಯ್ತಾ?” ಅಂದ. ಆಮೇಲೆ ಮುಖ ಕೆಂಪಾಗಿ, “ಕಳ್ಳನ್ ಥರ ಬರ್ತೀಯಲ್ಲೋ, ನಾಚ್ಕೆ ಆಗಲ್ವಾ?”

“ನನಗಾ? ಮಲಗಿದ್ದೆ ಮಲಗಿದ್ದೆ ಅಂತ ನನ್ನ ಕೈಲಿ ಫ್ಯಾನು ಬದಲಿ ಮಾಡಿಸಿದ್ರಲ್ಲ, ನಿಮಗೆ ನಾಚ್ಕೆ ಆಗಲ್ವಾ? ಇದನ್ನ ಬೆಳಗ್ಗೆ ಅಕ್ಕನ ಎದುರಿಗೇ ಹೇಳೋಕೇನು?”

“ಅವಳನ್ನ ಎದುರಿಗೆ ಕೂರಿಸ್ಕೊಂಡು ಅವಳನ್ನೇ ಹೆಂಗಯ್ಯಾ ಕರೀಲಿ?” ಭಾವ ಟವೆಲು ಮಡಿಸತೊಡಗಿದ. ಅಂಚಿಗೆ ಅಂಚು ಕೂಡಲಿಲ್ಲ. ಬಿಚ್ಚಿ ಮತ್ತೆ ಮಡಿಸಿದ. “ಆಸ್ಪತ್ರೆಯೋರು ನೀರು ಕೇಳೋದು ಹೇಳ್ಕೊಟ್ರು, ಒಂದಕ್ಕೆ ಹೋಗ್ಬೇಕು ಅನ್ನೋದು ಹೇಳ್ಕೊಟ್ರು. ಅವಳನ್ನ ಕರೆಯೋದು ಅದ್ರಲ್ಲಿ ಇಲ್ವೇ ಇಲ್ಲ.”

“ಹೆಸರು ಹಿಡಿದು ಕರೀರಿ.”

“ಮದುವೆ ಆದಾಗಿಂದ ಹೆಸರು ಹಿಡಿದಿಲ್ಲ. ಈಗ ಗುಂಡಿ ಒತ್ತಿ ಹೆಸರು ಕೂಗಿದ್ರೆ, ಯಾರೋ ಬ್ಯಾಂಕಿನೋರು ಬಂದ್ರು ಅನ್ಕೋತಾಳೆ.” ಅವನು ನಗಲು ನೋಡಿದ, ಕೆಮ್ಮಿದ. “ದಿನಾ ಹೇಳ್ತೀನಿ, ದಿನಾ ಹೋಗತ್ತೆ. ನಿನ್ನೆಗಿಂತ ಇವತ್ತು ದನಿ ಇನ್ನೂ ಕೆಟ್ಟಿದೆ. ಗೊತ್ತಾಗತ್ತೆ ನಂಗೆ.”

ರಿಪೇರಿಯವನು ಕುರ್ಚಿ ಎಳೆದುಕೊಂಡ. ಯಂತ್ರವನ್ನು ಮತ್ತೆ ಎಬ್ಬಿಸಿ, ಇಂಥ ಹೊತ್ತಿಗೆ ತಾನಾಗೇ ಶುರುವಾಗಲೆಂದು ಗೊತ್ತುಮಾಡಿಟ್ಟ ಕೆಲಸಗಳನ್ನು ಒಂದೊಂದಾಗಿ ನೋಡಿದ. ಬ್ಯಾಕಪ್ ತೆಗೆಯುವ ತಂತ್ರಾಂಶ ಒಂದು ಸಿಕ್ಕಿತು. ಅದರ ಕೆಳಗೆ ಇನ್ನೊಂದು, ಬೇರೆ ಕಂಪನಿಯದು. ಎರಡೂ ಹೊರಡುವುದು ಒಂದೇ ಹೊತ್ತಿಗೆ. ಎರಡೂ ಭಾವನ ದನಿಯ ಕಡತಗಳನ್ನೇ ನಕಲು ಮಾಡಿ ಒಂದೇ ಡಿಸ್ಕಿಗೆ ಎತ್ತಿಡಲು ನುಗ್ಗುತ್ತಿದ್ದವು. ಒಂದೇ ಬಿಂದಿಗೆಯನ್ನು ಇಬ್ಬರು ಎರಡು ಕಡೆಯಿಂದ ಎಳೆದ ಹಾಗೆ. ಅದರ ಮೇಲೆ ಭಾವನ ಮೈಕು ಬೇರೆ. ಹಳೇ ಯಂತ್ರ, ಉಸಿರು ಕಟ್ಟಿ ಬೀಳದೆ ಏನು ಮಾಡೀತು?

ಸಂಜೆ ಅಕ್ಕ, ಮಗಳು ಇಬ್ಬರೂ ಬರುವ ತನಕ ಅವನು ಕದಲಲಿಲ್ಲ. ಭಾವ ಆ ಹೊತ್ತಿಗೆ ಜಗಲಿಯಲ್ಲಿ ಗಾಳಿಗೆ ಕೂತಿದ್ದ.

“ಯಾರು ಹಾಕಿದ್ದು ಇದನ್ನ?” ಎಂದು ಪರದೆಗೆ ಬೆರಳಿಟ್ಟು ಕೇಳಿದ.

“ನಾನು ಮಾಮ,” ಅಂದಳು ಮಗಳು ಮೆಲ್ಲಗೆ.

“ಮತ್ತೆ ಇದು?”

ಅಕ್ಕ ಸೆರಗಿನ ತುದಿ ತಿರುಚಿದಳು. “ನಮ್ಮ ಲೈಬ್ರರಿ ಕಂಪ್ಯೂಟರಿನವಳು ಬಂದು ಹಾಕ್ಕೊಟ್ಳು.”

ತಾಯಿ ಮಗಳ ಮುಖ ನೋಡಿದಳು, ಮಗಳು ತಾಯಿಯ ಮುಖ.

“ಬಟ್ಟೇಲಿ ಒರೆಸ್ತೀನಿ ಅಂದೆ! ನೀನು ಇಲ್ಲ ಮಾಮ ಅಂದೆ! ಅವರು ಮಲಗಿದ್ದೆ ಅಂದ್ರು! ನಾನೇನು ಈ ಮನೇಲಿ ಕತ್ತೆನಾ?”

“ಮೆತ್ತಗೆ ಮಾತಾಡೋ,” ಅಂದಳು ಅಕ್ಕ, ಜಗಲಿಯ ಕಡೆ ನೋಡುತ್ತ. “ಅವರು ಹೇಳಿಟ್ಟಿದ್ದನ್ನ ಇನ್ನೊಂದು ಕಡೇನೂ ಎತ್ತಿಡೋಣ ಅಂದಿದ್ದಕ್ಕೇ ಒಂದಿನ ಹಾರಾಡಿದ್ರು. ಬದುಕಿರೋವಾಗ್ಲೇ ಫೋಟೋಗೆ ಚೌಕಟ್ಟು ಹಾಕಿಸ್ತೀರಾ ಅಂತ. ಅದಕ್ಕೇ ಅವರು ಮಲಗಿರೋ ಹೊತ್ತಿಗೆ ಇಡ್ಸಿದೆ. ಕಳೆದುಹೋದ್ರೆ ಎಲ್ಲಿಂದ ತರ್ಲಿ ನಾನು?”

“ನಾನೂ ಅದಕ್ಕೇ,” ಅಂದಳು ಮಗಳು. “ಅಮ್ಮಾ, ನಂದು ತೆಗೀಲಿ ಬಿಡು.”

“ಬೇಡ, ನಂದೇ ತೆಗೀಲಿ. ನಿಂದೇ ಚೆನ್ನಾಗಿರತ್ತೆ.”

“ಇಬ್ಬರೂ ಸುಮ್ನಿರಿ,” ಅಂದ ರಿಪೇರಿಯವನು. ಗದರಬೇಕೆಂದು ಹೊರಟ ದನಿ ಮಧ್ಯದಲ್ಲೇ ಸೋತಿತ್ತು. ಅವನು ಅಕ್ಕನದನ್ನು ತೆಗೆದ. ಮಗಳದ್ದನ್ನು ಉಳಿಸಿ, ಮೈಕು ಮುಚ್ಚಿರುವ ಬೆಳಗಿನ ಜಾವಕ್ಕೆ ಸರಿಸಿಟ್ಟ. ಆಮೇಲೆ ಜಗಲಿಗೆ ಹೋಗಿ ಭಾವನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಂಡದ್ದನ್ನೆಲ್ಲ ಹೇಳಿದ. ಭಾವ ಬೈಯುತ್ತಾನೆ ಎಂದುಕೊಂಡಿದ್ದ. ಭಾವ ರಸ್ತೆ ನೋಡುತ್ತ, “ಇಬ್ರೂನಾ?” ಎಂದಷ್ಟೇ ಕೇಳಿದ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಊಟವಾದ ಮೇಲೆ, ಮೈಕಿನ ಮುಂದೆ ಭಾವ ಕೂತ. ಟವೆಲು ಇರಲಿಲ್ಲ. ಈ ಒಂದು ಮಧ್ಯಾಹ್ನಕ್ಕೆ ಅಕ್ಕ ಮೌನ ಮುರಿಯಲು ಬಿಟ್ಟಿದ್ದಳು. ರಜೆ ಹಾಕಿ ಅಡುಗೆಮನೆಯಲ್ಲಿದ್ದಳು. ಗಂಡ ಏನು ಹೇಳಿಡುತ್ತಾನೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಇವ್ಳೇ,” ಅಂದ ಭಾವ.

“ಹಾಂ, ಬಂದೆ!” ಅಂತು ಅಡುಗೆಮನೆ.

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ರಿಪೇರಿಯವನು ಅಳಿಸಿ ಮತ್ತೆ ಶುರು ಮಾಡಿದ. “ಅಕ್ಕಾ, ನೀನು ಮಾತಾಡ್ಬೇಡ. ರೆಕಾರ್ಡ್ ಆಗ್ತಿದೆ.”

“ಅವರು ಕರೆದ್ರಲ್ಲೋ!”

“ಕರೀತಾರೆ. ನೀನು ಓ ಅನ್ಬೇಡ, ಅಷ್ಟೇ.”

“ಏ ಇವ್ಳೇ.”

“ಏನ್ರೀ ಅದು… ಅಯ್ಯೋ, ಸುಮ್ನಿರ್ತೀನಿ.”

ಮತ್ತೆ ಅಳಿಸಿದ. ಮತ್ತೆ ಕೆಟ್ಟಿತು. ಭಾವನ ಭುಜ ನಗೆಯಿಂದ ಅಲುಗುತ್ತಿತ್ತು, ದನಿ ಮಾತ್ರ ಸವೆಯುತ್ತ ಬರುತ್ತಿತ್ತು. ಅವನು ಒಂದು ಗುಟುಕು ನೀರು ಕುಡಿದು, ಕಣ್ಣು ಮುಚ್ಚಿ, ದೂರದಿಂದ ಮನೆಗೆ ಬಂದವನ ಹಾಗೆ ಕರೆದ.

“ಇವ್ಳೇ… ಬಂದೆ ಕಣೇ.”

ಈ ಸಲ ಅಡುಗೆಮನೆಯಿಂದ ಸದ್ದು ಬರಲಿಲ್ಲ. ಪರದೆಯ ಮೇಲೆ ಗೆರೆ ಏರಿ, ಇಳಿದು, ನೆಟ್ಟಗಾಯಿತು. ರೆಕಾರ್ಡಿಂಗ್ ನಿಲ್ಲಿಸಲು ರಿಪೇರಿಯವನು ಬೆರಳು ಎತ್ತಿದ. ಬಾಗಿಲಲ್ಲಿ ಅಕ್ಕ ಬಂದು ನಿಂತಿದ್ದಳು. ಕೈ ತುಂಬ ಸಾಬೂನಿನ ನೊರೆ, ತುಟಿ ಬಿಗಿ ಹಿಡಿದಿದ್ದಳು. ಅವನು ಬೆರಳನ್ನು ಹಾಗೇ ಎತ್ತಿ ಹಿಡಿದ. ನೊರೆ ಅವಳ ಮೊಣಕೈಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಪರದೆಯ ಮೇಲೆ ಸಣ್ಣ ಗೆರೆಯೊಂದು ಸದ್ದಿಲ್ಲದೆ ಮುಂದೆ ಹೋಗುತ್ತಲೇ ಇತ್ತು.